ಬೆಕ್ಕಿನ ಮರಿಯ ದೀರ್ಘಕಾಲದ ಮಲಬದ್ಧತೆ: ಕಾರಣ, ಚಿಕಿತ್ಸೆ, ಆರೈಕೆ

ಬೆಕ್ಕು ತನ್ನ ಮಲವನ್ನು ಮಣ್ಣಿನಲ್ಲಿ ಮುಚ್ಚುವ ಪ್ರಾಣಿಯಾದ್ದರಿಂದ ಅದರ ಹೊಟ್ಟೆಯ ತೊಂದರೆಗಳು ಮನೆಯವರ ಕಣ್ಣಿಗೆ ಬೀಳುವುದು ಬಹುಮಟ್ಟಿಗೆ ತಡವಾಗಿಯೇ. ಮಂಗಳೂರಿನ ನಂತೂರಿನಂತಹ ಭಾಗದಲ್ಲಿ, ಅಂದರೆ ಹಿತ್ತಲು, ತೆಂಗಿನ ಬುಡ, ಮುರಕಲ್ಲಿನ ಆವರಣಗೋಡೆಗಳು ಅಲ್ಲಲ್ಲಿ ಉಳಿದಿದ್ದು ಅವುಗಳ ನಡುವೆಯೇ ಫ್ಲಾಟುಗಳೂ ಎದ್ದಿರುವ ಕಡೆಯಲ್ಲಿ, ಹೊರಗೆ ತಿರುಗಿ ಬರುವ ಮರಿಯ ಮಲವಿಸರ್ಜನೆ ದಿನವೂ ಸರಿಯಾಗಿ ಆಗುತ್ತಿದೆಯೇ ಎಂಬುದನ್ನು ಯಾರೂ ನೋಡಿರುವುದಿಲ್ಲ. ಮರಿ ಊಟ ಬಿಟ್ಟು, ಬೆನ್ನು ಬಾಗಿಸಿ ಮೂಲೆಯಲ್ಲಿ ಕುಳಿತು, ವಾಂತಿ ಮಾಡಿಕೊಂಡ ಮೇಲಷ್ಟೇ ಹೊಟ್ಟೆ ಬಿಗಿದಿರುವುದು ಕೈಗೆ ತಿಳಿಯುತ್ತದೆ. ಒಮ್ಮೆ ಬಂದು ಹೋಗುವ ಮಲಬದ್ಧತೆಗೂ ತಿಂಗಳುಗಟ್ಟಲೆ ಮರುಕಳಿಸುವ ತೀವ್ರ ಮಲಬದ್ಧತೆಗೂ ದೊಡ್ಡ ಅಂತರವಿದೆ. ಎರಡನೆಯದು ಒಂದು ಚಮಚ ಮದ್ದಿನಿಂದ ಮುಗಿಯುವಂಥದ್ದಲ್ಲ. ಅದರ ಮೂಲಕಾರಣವನ್ನು ಪಶುವೈದ್ಯರು ಹುಡುಕಬೇಕು, ದೊಡ್ಡ ಕರುಳು ಹಿಗ್ಗಿಹೋಗದಂತೆ ಮನೆಯವರು ದಿನದಿನವೂ ನೋಡಿಕೊಳ್ಳಬೇಕು. ಈ ಎರಡು ಹೊಣೆಗಳು ಏಕೆ, ಹೇಗೆ ಎಂಬುದೇ ಈ ಭಾಷಣದ ವಿಷಯ.

ತಿಂದ ಆಹಾರ ಜಠರದಲ್ಲೂ ಸಣ್ಣ ಕರುಳಿನಲ್ಲೂ ಜೀರ್ಣವಾದ ಬಳಿಕ ಉಳಿದ ನೀರುನೀರಾದ ಶೇಷ ದೊಡ್ಡ ಕರುಳನ್ನು ಸೇರುತ್ತದೆ. ದೊಡ್ಡ ಕರುಳಿನ ಕೆಲಸ ಎರಡು: ಶೇಷದಲ್ಲಿರುವ ನೀರನ್ನೂ ಲವಣಗಳನ್ನೂ ಹೀರಿ ರಕ್ತಕ್ಕೆ ಮರಳಿಸುವುದು ಒಂದು, ತನ್ನ ಗೋಡೆಯಲ್ಲಿರುವ, ಪ್ರಾಣಿಯ ಇಚ್ಛೆಗೆ ಒಳಪಡದೆ ತಾವಾಗಿಯೇ ಸಂಕುಚಿಸುವ ನಯ ಸ್ನಾಯುಗಳಿಂದ ಮಲವನ್ನು ಗುದದತ್ತ ತಳ್ಳುವುದು ಇನ್ನೊಂದು. ಮಲ ಒಳಗೆ ತಂಗಿದಷ್ಟು ಹೊತ್ತೂ ನೀರು ಹೀರುವ ಕೆಲಸ ನಿಲ್ಲುವುದಿಲ್ಲವಾದ್ದರಿಂದ, ತಡವಾದಷ್ಟೂ ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದ ಮಲ ಹೊರಬರುವಾಗ ನೋವಾಗುತ್ತದೆ. ನೋವಿನ ಅನುಭವವಾದ ಮರಿ ಮುಂದಿನ ಸಲ ವಿಸರ್ಜನೆಯನ್ನು ತಡೆಹಿಡಿಯುತ್ತದೆ. ತಡೆಹಿಡಿದ ಮಲ ಇನ್ನಷ್ಟು ಒಣಗುತ್ತದೆ. ಹೀಗೆ ಪರಿಣಾಮವೇ ಮತ್ತೆ ಕಾರಣವಾಗುವ ಈ ಸುತ್ತನ್ನು ಎಲ್ಲಾದರೊಂದು ಕಡೆ ಕಡಿಯುವುದೇ ಚಿಕಿತ್ಸೆಯ ಸಾರ.

ಪಶುವೈದ್ಯಶಾಸ್ತ್ರ ಈ ತೊಂದರೆಯನ್ನು ಮೂರು ಹಂತಗಳಾಗಿ ನೋಡುತ್ತದೆ. ಮಲ ವಿರಳವಾಗಿ, ಕಷ್ಟದಿಂದ, ಒಣ ಉಂಡೆಗಳಾಗಿ ಬರುವುದು ಸಾಮಾನ್ಯ ಮಲಬದ್ಧತೆ. ಮಲ ಕಲ್ಲಿನಂತೆ ಗಟ್ಟಿಯಾಗಿ, ಚಿಕಿತ್ಸೆಯಿಲ್ಲದೆ ಹೊರಬರುವುದೇ ಅಸಾಧ್ಯವಾದಾಗ ಅದು ತೀವ್ರ ಮಲಬಂಧ ಎನಿಸಿಕೊಳ್ಳುತ್ತದೆ. ಇಂಥ ತಡೆ ಮತ್ತೆ ಮತ್ತೆ ಉಂಟಾಗಿ, ಕರುಳು ಬಲೂನಿನಂತೆ ಹಿಗ್ಗಿ, ಅದರ ಸ್ನಾಯುಗಳು ಹಿಂಡುವ ಶಕ್ತಿಯನ್ನೇ ಕಳೆದುಕೊಂಡ ಕೊನೆಯ ಸ್ಥಿತಿಗೆ ಮೆಗಾಕೋಲನ್ ಎಂಬ ಹೆಸರಿದೆ. ಎಕ್ಸ್-ರೇ ಚಿತ್ರದಲ್ಲಿ ದೊಡ್ಡ ಕರುಳಿನ ಅಗಲವನ್ನು ಸೊಂಟದ ಐದನೆಯ ಕಶೇರುವಿನ, ಎಂದರೆ ಬೆನ್ನೆಲುಬಿನ ಮಣಿಯ, ಉದ್ದದೊಂದಿಗೆ ಹೋಲಿಸುವುದು ವೈದ್ಯರ ರೂಢಿ; ಬೆಳೆದ ಬೆಕ್ಕುಗಳಲ್ಲಿ ಈ ಪ್ರಮಾಣ 1.28ಕ್ಕಿಂತ ಕಡಿಮೆಯಿದ್ದರೆ ಕರುಳು ಸಹಜವೆಂದೂ, 1.48ನ್ನು ಮೀರಿದರೆ ಮೆಗಾಕೋಲನ್ ಆಗಿರುವ ಸಂಭವ ಹೆಚ್ಚೆಂದೂ ಭಾವಿಸಲಾಗುತ್ತದೆ. ಮರಿಯ ಆರೈಕೆಯ ಗುರಿ ಈ ಮೂರನೆಯ ಹಂತಕ್ಕೆ ಅದು ಜಾರದಂತೆ ತಡೆಯುವುದೇ ಆಗಿದೆ, ಏಕೆಂದರೆ ಒಮ್ಮೆ ಸೋತ ಸ್ನಾಯುವಿಗೆ ಹಿಂದಿನ ಕಸುವು ಮರಳುವುದು ಅಪರೂಪ.

ಬೆಕ್ಕಿಗೆ ಈ ತೊಂದರೆ ಅಂಟಿಕೊಳ್ಳುವುದಕ್ಕೆ ಅದರ ವಂಶವೂ ಒಂದು ಕಾರಣ. ಸಾಕುಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನೆಲಗಳಲ್ಲಿ ಬಾಳಿದ ಕಾಡುಬೆಕ್ಕು. ಅದು ತನಗೆ ಬೇಕಾದ ನೀರಿನ ಬಹುಪಾಲನ್ನು ಬೇಟೆಯ ಮಾಂಸದಿಂದಲೇ ಪಡೆದು, ಮೂತ್ರವನ್ನು ಗಾಢವಾಗಿಸಿ ನೀರನ್ನು ಉಳಿಸಿಕೊಳ್ಳುತ್ತಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ಹುಟ್ಟಿದ ಮರಿಯೂ ಅದೇ ಮರುಭೂಮಿಯ ದೇಹವನ್ನು ಹೊತ್ತಿರುತ್ತದೆ. ಅದಕ್ಕೆ ಬಾಯಾರಿಕೆಯ ಅರಿವು ಮಂದ. ಒಣ ಆಹಾರ ತಿಂದರೂ ಆ ಕೊರತೆ ತುಂಬುವಷ್ಟು ನೀರನ್ನು ತಾನಾಗಿ ಕುಡಿಯುವುದಿಲ್ಲ. ದೇಹದಲ್ಲಿ ನೀರು ಕಡಿಮೆಯಾದಾಗ ಅದನ್ನು ಸರಿದೂಗಿಸುವ ಭಾರ ದೊಡ್ಡ ಕರುಳಿನ ಮೇಲೆ ಬೀಳುತ್ತದೆ, ಮಲ ಒಣಗುತ್ತದೆ.

ಮರಿಗಳಲ್ಲಿ ಮಲಬದ್ಧತೆಗೆ ಕಾರಣವೇನೆಂದು ಕೇಳುವ ಮೊದಲು ಮರಿಯ ವಯಸ್ಸನ್ನು ಕೇಳಬೇಕಾಗುತ್ತದೆ. ಹುಟ್ಟಿದ ಮೊದಲ ಮೂರು ವಾರಗಳ ಮರಿ ತಾನಾಗಿ ಮಲಮೂತ್ರ ವಿಸರ್ಜಿಸಲಾರದು. ತಾಯಿ ಅದರ ಹೊಟ್ಟೆ ಮತ್ತು ಗುದದ ಭಾಗವನ್ನು ನೆಕ್ಕಿದಾಗ ಉಂಟಾಗುವ ಪ್ರಚೋದನೆಯಿಂದ ಮಾತ್ರ ವಿಸರ್ಜನೆ ನಡೆಯುತ್ತದೆ. ಮೀನು ಮಾರುಕಟ್ಟೆಯ ಬದಿಯಲ್ಲೋ ರಸ್ತೆಯ ಅಂಚಿನಲ್ಲೋ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟುಹೋದ ತಬ್ಬಲಿ ಮರಿಗಳಿಗೆ ಹಾಲು ಕುಡಿಸುವವರು ಸಿಗುತ್ತಾರೆ, ಆದರೆ ಈ ಎರಡನೆಯ ಕೆಲಸ ಹಲವರಿಗೆ ತಿಳಿದಿರುವುದಿಲ್ಲ. ಪ್ರತಿ ಸಲ ಹಾಲು ಕುಡಿಸಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಗುದದ ಸುತ್ತ ಒಂದು ನಿಮಿಷ ಮೆಲ್ಲಗೆ ಉಜ್ಜುವುದು ತಾಯಿಯ ನಾಲಗೆಯ ಕೆಲಸವನ್ನು ಮಾಡಿಕೊಡುತ್ತದೆ. ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು, ಮರಿ ಬೇಗ ದಪ್ಪವಾಗಲೆಂದು, ಹೇಳಿದ್ದಕ್ಕಿಂತ ಕಡಿಮೆ ನೀರಿನಲ್ಲಿ ಕಲಸಿದರೂ ಮಲ ಕಟ್ಟುತ್ತದೆ. ಮೈ ತಣ್ಣಗಾದ ಮರಿಯ ಕರುಳು ಚಲಿಸುವುದೇ ಇಲ್ಲವಾದ್ದರಿಂದ ಮೊದಲು ಮೈ ಬೆಚ್ಚಗಾಗಿಸಿ ಆಮೇಲೆ ಹಾಲು ಕೊಡಬೇಕು. 

ಇನ್ನು ಕೆಲವು ದೋಷಗಳು ಹುಟ್ಟಿನಿಂದಲೇ ಬರುತ್ತವೆ. ಗುದದ್ವಾರವೇ ತೆರೆದಿರದ ಅಥವಾ ತೀರ ಕಿರಿದಾಗಿರುವ ಮರಿಯ ಹೊಟ್ಟೆ ಉಬ್ಬುತ್ತ ಹೋಗುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಮ್ಯಾಂಕ್ಸ್ ಎಂಬ ಬಾಲವಿಲ್ಲದ ತಳಿಯಲ್ಲಿ ಬೆನ್ನೆಲುಬಿನ ತುದಿ ಸರಿಯಾಗಿ ಬೆಳೆಯದೆ, ಕರುಳಿಗೂ ಮೂತ್ರಕೋಶಕ್ಕೂ ಹೋಗುವ ನರಗಳು ದುರ್ಬಲವಾಗಿರುವುದುಂಟು. ಇವೆಲ್ಲಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು ಜನ್ಮಜಾತ ಥೈರಾಯ್ಡ್ ಕೊರತೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಸ್ರಾವ ದೇಹದ ಬೆಳವಣಿಗೆಯ ವೇಗವನ್ನೂ ಕರುಳಿನ ಚಲನೆಯನ್ನೂ ನಿಯಂತ್ರಿಸುತ್ತದೆ. ಈ ಕೊರತೆಯಿರುವ ಮರಿ ಹುಟ್ಟಿದಾಗ ಒಡಹುಟ್ಟಿದವುಗಳಂತೆಯೇ ಇದ್ದು, ನಾಲ್ಕರಿಂದ ಎಂಟು ವಾರಗಳ ಹೊತ್ತಿಗೆ ಹಿಂದೆ ಬೀಳತೊಡಗುತ್ತದೆ: ತಲೆ ದೊಡ್ಡದು, ಕಾಲು ಗಿಡ್ಡ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವುದು ತಡ, ಆಟದಲ್ಲಿ ನಿರುತ್ಸಾಹ, ಬಿಡದೆ ಕಾಡುವ ಮಲಬದ್ಧತೆ. ಇಂಥ ಮರಿಗೆ ಎಷ್ಟು ವಿರೇಚಕ ಕೊಟ್ಟರೂ ಫಲ ತಾತ್ಕಾಲಿಕವೇ. ರಕ್ತಪರೀಕ್ಷೆಯಿಂದ ಕೊರತೆ ಖಚಿತವಾಗಿ ಥೈರಾಯ್ಡ್ ಹಾರ್ಮೋನಿನ ಗುಳಿಗೆ ಆರಂಭವಾದರೆ ಮಲಬದ್ಧತೆ ಹೆಚ್ಚಾಗಿ ತಾನಾಗಿಯೇ ಸಡಿಲುತ್ತದೆ. ಒಂದೇ ಹೆರಿಗೆಯ ಮರಿಗಳಲ್ಲಿ ಕುಳ್ಳಾಗಿ ಉಳಿದ ಮರಿಗೆ ಮಲಬದ್ಧತೆಯೂ ಇದ್ದರೆ ಈ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು.

ನಂತೂರಿನಂತಹ ಜಾಗಕ್ಕೆ ವಿಶೇಷವಾಗಿ ಅನ್ವಯಿಸುವ ಕಾರಣ ರಸ್ತೆ ಅಪಘಾತ. ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವ, ಮೂಡುಬಿದಿರೆ ಕಾರ್ಕಳಗಳ ಕಡೆಯ ವಾಹನಗಳೂ ಬಂದು ಸೇರುವ ನಂತೂರು ವೃತ್ತದ ಸುತ್ತಲ ಮನೆಗಳ ಮರಿಗಳಿಗೆ ರಸ್ತೆಯೇ ಮೊದಲ ಅಪಾಯ. ಗುದ್ದಿದ ಪೆಟ್ಟಿಗೆ ಸೊಂಟದ ಎಲುಬಿನ ಕಟ್ಟು, ಅಂದರೆ ಶ್ರೋಣಿ, ಮುರಿದ ಮರಿ ಕೆಲವು ವಾರಗಳಲ್ಲಿ ಮತ್ತೆ ನಡೆದಾಡುವುದನ್ನು ಕಂಡು ಮನೆಯವರು ಗುಣವಾಯಿತೆಂದುಕೊಳ್ಳುತ್ತಾರೆ. ಆದರೆ ದೊಡ್ಡ ಕರುಳಿನ ಕೊನೆಯ ಭಾಗ ಹಾದುಹೋಗುವುದು ಈ ಎಲುಬಿನ ಉಂಗುರದ ಒಳಗೇ ಆದ್ದರಿಂದ, ಮುರಿದ ತುಂಡುಗಳು ಓರೆಯಾಗಿ ಕೂಡಿಕೊಂಡರೆ ದಾರಿ ಕಿರಿದಾಗಿ, ತಿಂಗಳುಗಳ ನಂತರ ಮಲಬದ್ಧತೆ ತಲೆದೋರುತ್ತದೆ. ಇಂಥ ಪ್ರಸಂಗದಲ್ಲಿ ತಡೆ ಶುರುವಾಗಿ ಆರು ತಿಂಗಳೊಳಗೆ ಎಲುಬಿನ ದಾರಿಯನ್ನು ಶಸ್ತ್ರಚಿಕಿತ್ಸೆಯಿಂದ ಅಗಲಿಸಿದರೆ ಕರುಳು ಚೇತರಿಸಿಕೊಳ್ಳುವ ಅವಕಾಶವಿದೆ. ಅದಕ್ಕಿಂತ ತಡವಾದರೆ ಹಿಗ್ಗಿದ ಕರುಳು ಹಾಗೆಯೇ ಉಳಿಯುವ ಸಂಭವ ಹೆಚ್ಚು. ಬಾಗಿಲಿಗೆ ಸಿಕ್ಕಿಯೋ ಮಕ್ಕಳು ಜಗ್ಗಿಯೋ ಬಾಲದ ಬುಡದ ನರಗಳಿಗೆ ಪೆಟ್ಟಾದರೂ ಕರುಳಿನ ಹತೋಟಿ ತಪ್ಪಬಹುದು. ಹಾಗಾಗಿ ಮರಿಯ ಹಳೆಯ ಪೆಟ್ಟುಗಳ ವಿವರ, ಅವು ಎಷ್ಟೇ ಕ್ಷುಲ್ಲಕವೆನಿಸಿದರೂ, ವೈದ್ಯರಿಗೆ ತಿಳಿಸತಕ್ಕದ್ದು.

ಉಳಿದ ಕಾರಣಗಳು ಮನೆಯೊಳಗೇ ಇವೆ. ತಾಯಿಯ ಹಾಲಿನಿಂದಲೇ ಮರಿಗೆ ಹರಡುವ ದುಂಡುಹುಳುಗಳು ಹೆಚ್ಚಾದರೆ ಕರುಳನ್ನೇ ಕಟ್ಟಿಹಾಕುತ್ತವೆ; ಮೀನಿನ ಮುಳ್ಳು, ಕೋಳಿಯ ಎಲುಬಿನ ಚೂರು, ನುಂಗಿದ ಕೂದಲು ಮಲದೊಡನೆ ಬೆರೆತು ಗಟ್ಟಿಯಾಗುತ್ತವೆ. ಒದ್ದೆಯಾದಾಗ ಉಂಡೆಗಟ್ಟುವ ಜೇಡಿಯ ಹರಳುಗಳನ್ನು ಕಕ್ಕಸು ಪೆಟ್ಟಿಗೆಯಲ್ಲಿ ಹಾಕಿದರೆ, ಎಲ್ಲವನ್ನೂ ಬಾಯಿಗಿಟ್ಟು ನೋಡುವ ಎಳೆಯ ಮರಿ ಅವನ್ನೂ ನುಂಗಬಹುದು. ಉದ್ದ ಕೂದಲಿನ ಮರಿಗಳಲ್ಲಿ ಭೇದಿಯಾದ ಬಳಿಕ ಮಲ ಕೂದಲಿಗೆ ಅಂಟಿ ಒಣಗಿ ಗುದವನ್ನೇ ಮುಚ್ಚಿಬಿಡುವುದುಂಟು. ಅಲ್ಲಿ ಬೇಕಾದದ್ದು ಬೆಚ್ಚನೆಯ ನೀರಿನಲ್ಲಿ ನೆನೆಸಿ ತೊಳೆಯುವುದಷ್ಟೇ, ಮದ್ದಲ್ಲ.

ಘನ ಆಹಾರ ತಿನ್ನುವ ಆರೋಗ್ಯವಂತ ಮರಿ ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಬಾರಿ ಮಲ ವಿಸರ್ಜಿಸುತ್ತದೆ. ಪೆಟ್ಟಿಗೆಗೆ ಪದೇ ಪದೇ ಹೋಗಿ ತಿಣುಕಿ ಬರಿದೇ ಹಿಂದಿರುಗುವುದು, ಗೋಲಿಗಾತ್ರದ ಒಣ ಉಂಡೆಗಳು, ಅವುಗಳ ಮೇಲೆ ಲೋಳೆ ಅಥವಾ ರಕ್ತದ ಗೆರೆ, ಊಟದಲ್ಲಿ ಅನಾಸಕ್ತಿ, ವಾಂತಿ ಇವು ತೊಂದರೆಯ ಕುರುಹುಗಳು. ಇಲ್ಲಿ ಎರಡು ಬಗೆಯ ಮೋಸಕ್ಕೆ ಅವಕಾಶವಿದೆ. ಗಟ್ಟಿ ಮಲದ ಬದಿಯಿಂದ ನೀರಾದ ಮಲ ಸ್ವಲ್ಪ ಸ್ವಲ್ಪವೇ ಜಿನುಗುವಾಗ ಅದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಮದ್ದು ಕೊಟ್ಟರೆ ತಡೆ ಇನ್ನಷ್ಟು ಬಿಗಿಯಾಗುತ್ತದೆ. ಅದಕ್ಕಿಂತಲೂ ಅಪಾಯಕಾರಿಯಾದದ್ದು ಮೂತ್ರನಾಳ ಕಟ್ಟಿಕೊಂಡು ತಿಣುಕುವ ಗಂಡು ಬೆಕ್ಕನ್ನು ಮಲಬದ್ಧತೆಯದೆಂದು ಭಾವಿಸುವುದು. ಮೂತ್ರ ಪೂರ್ತಿ ಕಟ್ಟಿದ ಬೆಕ್ಕು ಒಂದೆರಡು ದಿನಗಳಲ್ಲೇ ಸಾಯಬಹುದು. ತಿಣುಕುವ ಮರಿ ಮೂತ್ರ ಮಾಡಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಬೇಕಾದದ್ದು ಇದೇ ಕಾರಣಕ್ಕೆ.

ಆಸ್ಪತ್ರೆಯಲ್ಲಿ ನಡೆಯುವ ಚಿಕಿತ್ಸೆಗೆ ಒಂದು ಕ್ರಮವಿದೆ. ಮೊದಲು ಚರ್ಮದಡಿ ಅಥವಾ ರಕ್ತನಾಳದ ಮೂಲಕ ದ್ರವ ಕೊಟ್ಟು ದೇಹದ ನೀರಿನ ಕೊರತೆಯನ್ನು ತುಂಬುತ್ತಾರೆ. ಅದಾದ ಮೇಲೆ ಬೆಚ್ಚನೆಯ ನೀರು ಅಥವಾ ಲವಣಜಲದ ಎನಿಮಾವನ್ನು, ಅಂದರೆ ಗುದದ ಮೂಲಕ ದ್ರವ ಹಾಯಿಸಿ ಮಲವನ್ನು ಮೆತ್ತಗಾಗಿಸುವ ಕ್ರಮವನ್ನು, ನಿಧಾನವಾಗಿ ನಡೆಸುತ್ತಾರೆ. ವೇಗವಾಗಿ ಹಾಯಿಸಿದರೆ ಮರಿ ವಾಂತಿ ಮಾಡುತ್ತದೆ, ತೆಳುವಾದ ಕರುಳಿಗೆ ಗಾಯವೂ ಆಗಬಹುದು. ಇದರಿಂದಲೂ ಆಗದಿದ್ದರೆ ಅರಿವಳಿಕೆ ಕೊಟ್ಟು, ವಾಂತಿ ಶ್ವಾಸನಾಳಕ್ಕೆ ಇಳಿಯದಂತೆ ನಳಿಕೆಯಿಟ್ಟು, ಮಲವನ್ನು ಬೆರಳಿನಿಂದ ಒಡೆದು ತೆಗೆಯಲಾಗುತ್ತದೆ. ಮನುಷ್ಯರಿಗೆಂದು ಔಷಧದಂಗಡಿಯಲ್ಲಿ ಸಿಗುವ ಸೋಡಿಯಂ ಫಾಸ್ಫೇಟ್ ಎನಿಮಾ ಬೆಕ್ಕಿಗೆ ವಿಷ. ಅದರ ಫಾಸ್ಫೇಟ್ ರಕ್ತಕ್ಕೆ ಸೇರಿ ಕ್ಯಾಲ್ಸಿಯಂ ಕುಸಿದು, ನಡುಕ, ಸೆಳವು, ಸಾವು ಬಂದೊದಗಬಹುದು. ಬಾಯಿಯ ಮೂಲಕ ಹೊಯ್ಯುವ ಹರಳೆಣ್ಣೆ, ಪ್ಯಾರಾಫಿನ್ ಎಣ್ಣೆಗಳೂ ಸಲ್ಲವು: ರುಚಿಯೇ ಇಲ್ಲದ ಪ್ಯಾರಾಫಿನ್ ಮರಿಗೆ ಅರಿವಾಗದೆಯೇ ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ತರುತ್ತದೆ. ಮರಿ ನುಂಗಿದ ದಾರ ಗುದದಿಂದ ನೇತಾಡುತ್ತಿದ್ದರೆ ಅದನ್ನು ಎಳೆಯಬಾರದು, ಒಳಗೆ ಸುತ್ತಿಕೊಂಡ ದಾರ ಕರುಳನ್ನೇ ಕೊಯ್ಯಬಲ್ಲದು.

ಕರುಳು ಖಾಲಿಯಾದ ದಿನದಿಂದ ಮನೆಯ ಕೆಲಸ ಶುರುವಾಗುತ್ತದೆ. ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಲ್ಯಾಕ್ಟುಲೋಸ್ ಎಂಬ ಸಿರಪ್ಪು. ಇದು ಕರುಳು ಹೀರಲಾರದ ಕೃತಕ ಸಕ್ಕರೆ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಇದನ್ನು ಹುದುಗಿಸಿದಾಗ ಹುಟ್ಟುವ ಆಮ್ಲಗಳು ನೀರನ್ನು ಮಲದ ಕಡೆಗೆ ಎಳೆದುಕೊಳ್ಳುತ್ತವೆ. ಆರಂಭದ ಪ್ರಮಾಣ ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ 0.5 ಮಿಲಿಲೀಟರಿನಂತೆ ದಿನಕ್ಕೆ ಎರಡು ಮೂರು ಬಾರಿ. ಎಂದರೆ 800 ಗ್ರಾಂ ತೂಗುವ ಮರಿಗೆ ಒಂದು ಸಲಕ್ಕೆ 0.4 ಮಿಲಿಲೀಟರು ಮಾತ್ರ. ಇಷ್ಟು ಸಣ್ಣ ಅಳತೆಯನ್ನು ಚಮಚದಿಂದ ಅಂದಾಜಿಸಲಾಗದು. ಸೂಜಿ ತೆಗೆದ ಒಂದು ಮಿಲಿಲೀಟರಿನ ಸಿರಿಂಜ್ ಬೇಕು. ಮರಿಯನ್ನು ಬಟ್ಟೆಯಲ್ಲಿ ಸುತ್ತಿ ತಲೆಯನ್ನು ನೇರವಾಗಿಯೇ ಹಿಡಿದು, ಕೋರೆಹಲ್ಲಿನ ಹಿಂದೆ ಕೆನ್ನೆಯ ಬದಿಯಿಂದ ಸಿರಿಂಜಿನ ತುದಿ ತೂರಿಸಿ, ಅದು ನುಂಗುವುದನ್ನು ನೋಡುತ್ತ ಹನಿಹನಿಯಾಗಿ ಬಿಡಬೇಕು; ತಲೆಯನ್ನು ಮೇಲೆತ್ತಿ ಗಂಟಲಿಗೆ ಸುರಿಯಬಾರದು. ಮಲ ಮೆತ್ತಗಿದ್ದೂ ಆಕಾರ ಕಳೆದುಕೊಳ್ಳದಿರುವಷ್ಟಕ್ಕೆ ಪ್ರಮಾಣವನ್ನು ವೈದ್ಯರ ಸಲಹೆಯಂತೆ ಏರಿಳಿಸಲಾಗುತ್ತದೆ; ಭೇದಿಯಾದರೆ ಅದು ಹೆಚ್ಚಾಯಿತೆಂದೇ ಅರ್ಥ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ನೀರನ್ನು ಹಿಡಿದಿಟ್ಟುಕೊಳ್ಳುವ ಪುಡಿಯನ್ನು ಆಹಾರದಲ್ಲಿ ಬೆರೆಸುವುದು ಇನ್ನೊಂದು ಕ್ರಮ. ಕರುಳಿನ ಸ್ನಾಯುವನ್ನು ಹುರಿದುಂಬಿಸುವ ಸಿಸಪ್ರೈಡ್ ಬೆಕ್ಕುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದರೂ, ಮನುಷ್ಯರಲ್ಲಿ ಹೃದಯದ ಬಡಿತ ತಪ್ಪಿಸುತ್ತದೆಂಬ ಕಾರಣಕ್ಕೆ ಮಾನವ ಬಳಕೆಗೆ 2011ರಲ್ಲಿ ಭಾರತದಲ್ಲಿ ನಿಷೇಧವಾದ್ದರಿಂದ, ಅದೇ ಬಗೆಯ ಬೇರೆ ಮದ್ದುಗಳ ಆಯ್ಕೆಯನ್ನು ವೈದ್ಯರಿಗೇ ಬಿಡಬೇಕಾಗುತ್ತದೆ.

ಆಹಾರದ ಮಾತಿಗೆ ಬಂದರೆ, ಒಣ ಕಾಳಿನಾಕಾರದ ಸಿದ್ಧ ಆಹಾರದಲ್ಲಿ ನೀರಿನ ಅಂಶ ನೂರರಲ್ಲಿ ಹತ್ತರಷ್ಟಿದ್ದರೆ, ಪೊಟ್ಟಣದ ತೇವ ಆಹಾರದಲ್ಲಿ ಅದು ಎಪ್ಪತ್ತೈದನ್ನು ಮೀರುತ್ತದೆ. ಮಲಬದ್ಧತೆಯ ಮರಿಗೆ ಎರಡನೆಯದೇ ಮೇಲು. ಒಣ ಆಹಾರವನ್ನೇ ಕೊಡಬೇಕಾದಾಗ ಬೆಚ್ಚನೆಯ ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡಬೇಕು. ಮಂಗಳೂರಿನ ಮನೆಗಳಲ್ಲಿ ಬೆಕ್ಕಿಗೆ ಬೂತಾಯಿ, ಬಂಗುಡೆ ಮೀನುಗಳ ತಲೆ ಮತ್ತು ಮುಳ್ಳು, ಜೊತೆಗೆ ಕುಚ್ಚಲಕ್ಕಿ ಅನ್ನ ಹಾಕುವುದು ರೂಢಿ. ಮುಳ್ಳು ಪೂರ್ತಿ ತೆಗೆದು ಬೇಯಿಸಿದ ಮೀನನ್ನು ಅದು ಬೆಂದ ನೀರಿನೊಂದಿಗೇ ಹಿಸುಕಿ ಕೊಟ್ಟರೆ ನೀರೂ ರುಚಿಯೂ ಒಟ್ಟಿಗೆ ಸೇರುತ್ತವೆ, ಆದರೆ ಅದಕ್ಕೆ ಉಪ್ಪು, ಮಸಾಲೆ, ಮುಖ್ಯವಾಗಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುವ ನೀರುಳ್ಳಿ ಮತ್ತು ಬೆಳ್ಳುಳ್ಳಿ ಬೀಳಬಾರದು. ಕೆಲವು ಹಸಿಮೀನುಗಳಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿರುವುದರಿಂದ ಹಸಿ ಮೀನೊಂದೇ ಆಹಾರವಾಗಬಾರದು. ಬೆಳೆಯುವ ಮರಿಗೆ ಸಮತೋಲಿತ ಸಿದ್ಧ ಆಹಾರದ ಆಧಾರವೂ ಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಕಾರಣ ಆ ಎರಡು ತಿಂಗಳು ಮೀನು ದುಬಾರಿಯಾಗಿ, ಮರಿಯ ತಟ್ಟೆಗೆ ಬಿಸ್ಕತ್ತು, ಒಣ ಕಾಳು, ಒಣಮೀನು ಬೀಳುವ ಸಂಭವ ಹೆಚ್ಚು. ಮಳೆಗೆ ಹೆದರಿ ಹೊರಗೆ ಹೋಗದ ಮರಿ ವಿಸರ್ಜನೆಯನ್ನು ತಡೆಹಿಡಿಯುವುದೂ ಅದೇ ದಿನಗಳಲ್ಲಿ. ಆದ್ದರಿಂದ ಮಳೆಗಾಲಕ್ಕೆ ಮುನ್ನವೇ ಮನೆಯೊಳಗೆ ಪೆಟ್ಟಿಗೆಯ ಅಭ್ಯಾಸ ಮಾಡಿಸಿ, ತೇವ ಆಹಾರದ ವ್ಯವಸ್ಥೆ ಮಾಡಿಕೊಳ್ಳುವುದು ಜಾಣತನ.

ನಾರಿನ ವಿಷಯದಲ್ಲಿ ಎಚ್ಚರ ಬೇಕು. ಬೇಯಿಸಿ ಹಿಸುಕಿದ ಸಿಹಿಕುಂಬಳ, ನೀರಿನಲ್ಲಿ ನೆನೆದ ಇಸಬ್‌ಗೋಲು ಆರಂಭದ ಹಂತದಲ್ಲಿ ನೆರವಾಗುತ್ತವೆ, ಏಕೆಂದರೆ ನಾರು ನೀರನ್ನು ಹಿಡಿದು ಮಲಕ್ಕೆ ಗಾತ್ರ ಕೊಟ್ಟು ಕರುಳನ್ನು ಕೆಲಸಕ್ಕೆ ಹಚ್ಚುತ್ತದೆ. ಆದರೆ ದೇಹದಲ್ಲಿ ನೀರಿಲ್ಲದಾಗ ಅದೇ ನಾರು ಗಟ್ಟಿಯಾಗಿ ತಡೆಯನ್ನು ಬಲಪಡಿಸುತ್ತದೆ. ಹಿಂಡುವ ಶಕ್ತಿಯನ್ನೇ ಕಳೆದುಕೊಂಡ ಕರುಳಿಗೆ ಗಾತ್ರ ಹೆಚ್ಚಿಸುವುದು ಭಾರ ಹೇರಿದಂತೆಯೇ. ಆ ಹಂತದಲ್ಲಿ ಸುಲಭವಾಗಿ ಜೀರ್ಣವಾಗಿ ಕಡಿಮೆ ಶೇಷ ಉಳಿಸುವ ಆಹಾರವೇ ಸರಿ.

ಪೆಟ್ಟಿಗೆ ಮರಿ ಸಲೀಸಾಗಿ ಹತ್ತಿಳಿಯುವಷ್ಟು ತಗ್ಗಾಗಿದ್ದು, ಊಟದ ತಟ್ಟೆಯಿಂದ ದೂರ, ಸದ್ದಿಲ್ಲದ ಕಡೆ ಇರಬೇಕು. ಕೊಳಕಾದ ಪೆಟ್ಟಿಗೆಯನ್ನು ಬೆಕ್ಕು ಬಳಸದೆ ತಡೆಹಿಡಿಯುತ್ತದೆ. ಊಟವಾದ ಬಳಿಕ ದೊಡ್ಡ ಕರುಳು ತಾನಾಗಿ ಚುರುಕಾಗುವುದರಿಂದ ಹೊತ್ತಿಗೆ ಸರಿಯಾಗಿ ಊಟ ಕೊಟ್ಟು, ಆಮೇಲೆ ಸ್ವಲ್ಪ ಆಟವಾಡಿಸಿ, ಪೆಟ್ಟಿಗೆಯ ಬಳಿ ಬಿಡುವುದು ಒಳ್ಳೆಯ ಅಭ್ಯಾಸ. ಇದರೊಂದಿಗೆ ಒಂದು ಪುಸ್ತಕದಲ್ಲಿ ಮಲದ ದಿನ, ಹೊತ್ತು, ಗಾತ್ರ, ಗಡಸು, ಕೊಟ್ಟ ಮದ್ದಿನ ಅಳತೆ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ ಮರಿಯ ತೂಕ ಇವನ್ನು ಬರೆದಿಡಬೇಕು. ಎಳೆಯ ಮರಿ ದಿನಕ್ಕೆ ಹತ್ತರಿಂದ ಹದಿನೈದು ಗ್ರಾಂ ಹೆಚ್ಚಬೇಕಾಗಿರುವುದರಿಂದ, ತೂಕ ನಿಂತರೆ ಅದು ಹೊರನೋಟಕ್ಕಿಂತ ಮೊದಲೇ ಎಚ್ಚರಿಸುತ್ತದೆ.

ಇಷ್ಟೆಲ್ಲ ಮಾಡಿಯೂ ತಡೆ ಮರುಕಳಿಸುತ್ತಲೇ ಇದ್ದರೆ ಹಿಗ್ಗಿದ ದೊಡ್ಡ ಕರುಳಿನ ಬಹುಭಾಗವನ್ನು ಕತ್ತರಿಸಿ ತೆಗೆದು ಉಳಿದ ತುದಿಗಳನ್ನು ಕೂಡಿಸುವ ಶಸ್ತ್ರಚಿಕಿತ್ಸೆಯಿದೆ. ಅದಾದ ಕೆಲವು ವಾರ ಮಲ ತೆಳ್ಳಗಿದ್ದು, ಸಣ್ಣ ಕರುಳು ನೀರು ಹೀರುವ ಹೊಸ ಹೊಣೆಗೆ ಹೊಂದಿಕೊಂಡಂತೆ ಕ್ರಮೇಣ ಗಟ್ಟಿಯಾಗುತ್ತದೆ. ಬಹುಪಾಲು ಬೆಕ್ಕುಗಳು ಇದರ ನಂತರ ನೆಮ್ಮದಿಯಿಂದ ಬದುಕುತ್ತವೆ. ಇಂಥ ಚಿಕಿತ್ಸೆಗೆ ಸ್ಥಳೀಯ ಪಶುವೈದ್ಯರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂತಹ ದೊಡ್ಡ ಕೇಂದ್ರಕ್ಕೆ ಕಳುಹಿಸಬಹುದು. ಬೀದಿಯಲ್ಲಿ ಸಿಕ್ಕ ಗಾಯಗೊಂಡ ಮರಿಯ ವಿಷಯದಲ್ಲಿ ನಂತೂರಿಗೆ ಹತ್ತಿರದ ಶಕ್ತಿನಗರದ ಎನಿಮಲ್ ಕೇರ್ ಟ್ರಸ್ಟಿನಂತಹ ಪ್ರಾಣಿಪಾಲನಾ ಸಂಸ್ಥೆಯನ್ನು ವಿಚಾರಿಸಬಹುದು.

ಆರೈಕೆ ಸರಿದಾರಿಯಲ್ಲಿದೆಯೇ ಎಂಬುದಕ್ಕೆ ಒಳ್ಳೆಯ ಅಳತೆಗೋಲು ಎರಡು ವಿಸರ್ಜನೆಗಳ ನಡುವಿನ ಅಂತರ. ಅದು ಒಂದು ದಿನದ ಆಸುಪಾಸಿನಲ್ಲಿದ್ದು ತೂಕ ಏರುತ್ತಿದ್ದರೆ ಇದ್ದ ಕ್ರಮವನ್ನೇ ಮುಂದುವರಿಸಬೇಕು, ಮರಿ ಚೆನ್ನಾಗಿದೆಯೆಂದು ಮದ್ದನ್ನು ತಾವಾಗಿ ನಿಲ್ಲಿಸಬಾರದು. ಅಂತರ ಎರಡು ದಿನ ಮುಟ್ಟಿದರೆ ವೈದ್ಯರಿಗೆ ತಿಳಿಸಬೇಕು. ಅದರೊಂದಿಗೆ ವಾಂತಿಯೋ ಊಟ ಬಿಟ್ಟದ್ದೋ ಸೇರಿದರೆ ಬೆಳಗಾಗಲೆಂದು ಕಾಯದೆ ಅಂದೇ ಕರೆದೊಯ್ಯಬೇಕು. ಮರಿಯನ್ನು ಮನೆಗೆ ತರುವಾಗ ಈ ದುಡಿಮೆ ತಿಂಗಳುಗಟ್ಟಲೆ, ಕೆಲವೊಮ್ಮೆ ಬೆಕ್ಕಿನ ಆಯುಷ್ಯಪೂರ್ತಿ ಬೇಕಾಗಬಹುದೆಂದು ಮನೆಯವರೆಲ್ಲ ಒಪ್ಪಿಕೊಂಡು, ಬೆಳಗಿನ ಮದ್ದು ಯಾರದು, ಪೆಟ್ಟಿಗೆ ನೋಡುವುದು ಯಾರು, ಮನೆಯವರು ಊರಿಗೆ ಹೋದಾಗ ಹೊಣೆ ಯಾರದು ಎಂಬುದನ್ನು ಮೊದಲೇ ಹಂಚಿಕೊಳ್ಳತಕ್ಕದ್ದು. ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ಈ ಕೆಲಸ ಒಬ್ಬರು ಮಾಡಿದ್ದಾರೆಂದು ಇನ್ನೊಬ್ಬರು ನಂಬಿಕೊಂಡ ದಿನಗಳಲ್ಲೇ.